ಎ320 ನಿಯೋದಲ್ಲಿ ಅಮ್ಮನ ಮೊದಲ ವಿಮಾನ ಪ್ರಯಾಣ

ಹೋದ ತಿಂಗಳು ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿದೆ. ಬೆಂಗಳೂರಿನಿಂದ ದೆಹಲಿಗೆ, ಏರ್‌ಬಸ್ ಎ320 ನಿಯೋ. ರೆಕ್ಕೆಯ ಪಕ್ಕದ ಸೀಟು. ವಿಮಾನ ಇನ್ನೂ ನೆಲದ ಮೇಲೇ ಇತ್ತು, ಕಾಲಡಿಯಿಂದ ನಾಯಿ ಬೊಗಳಿದ ಹಾಗೆ ಸದ್ದು ಶುರುವಾಯಿತು. ಅಮ್ಮ ಗಟ್ಟಿಯಾಗಿ ಕೈ ಹಿಡಿದುಕೊಂಡು, "ಏನೋ ಕೆಟ್ಟಿದೆ ಕಣೋ, ಇಳಿದುಬಿಡೋಣ" ಅಂದಳು.

ಏನೂ ಕೆಟ್ಟಿರಲಿಲ್ಲ. ಬ್ರೇಕು, ಚಕ್ರ, ರೆಕ್ಕೆಯ ಹಿಂಬದಿಯಲ್ಲಿ ಚಾಚಿಕೊಳ್ಳುವ ಫ್ಲ್ಯಾಪ್ ಎಲ್ಲ ಆಡುವುದು ಹೈಡ್ರಾಲಿಕ್ ಒತ್ತಡದಿಂದ, ಅಂದರೆ ಕೊಳವೆಯೊಳಗಿನ ದ್ರವದ ಒತ್ತಡದಿಂದ. ಎಡ ಎಂಜಿನ್ನಿಗೊಂದು, ಬಲ ಎಂಜಿನ್ನಿಗೊಂದು ಬೇರೆ ಬೇರೆ ವ್ಯವಸ್ಥೆ ಇದೆ, ಒಂದೇ ಎಂಜಿನ್ ಓಡುತ್ತಿರುವಾಗ ಇನ್ನೊಂದು ಕಡೆ ಒತ್ತಡ ಇಳಿದರೆ ಅದನ್ನು ಸರಿದೂಗಿಸುವ ಘಟಕವೊಂದು ವಿಮಾನದ ಹೊಟ್ಟೆಯೊಳಗೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ, ಈ ಬೊಗಳುವ ಸದ್ದು ಅದರದ್ದೇ. ಸೀಟ್ ಬೆಲ್ಟ್ ಬಗ್ಗೆ ಹೇಳುವಾಗ ಇದನ್ನೂ ಒಂದು ಮಾತು ಹೇಳಬಹುದಲ್ವಾ? ಹೊಸಬರು ಸುಮ್ನೆ ಹೆದರುವುದು ತಪ್ಪುತ್ತದೆ.

ಮೇಲೆ ಹೋದ ಮೇಲೆ ಮಾತ್ರ ತುಂಬಾ ಖುಷಿಯಾಯಿತು. ಎ320 1988ರಿಂದ ಹಾರುತ್ತಿದೆ, 2016ರಲ್ಲಿ ಬಂದ ನಿಯೋಗೆ ದೊಡ್ಡ ಫ್ಯಾನಿನ ಹೊಸ ಎಂಜಿನ್. ಇಂಧನ ಉಳಿತಾಯ ಕಂಪನಿಯವರಿಗೆ, ನಮಗೆ ಸಿಗುವುದು ಕಡಿಮೆ ಸದ್ದು. ಅಮ್ಮ ಕೇಳಿದ್ದಕ್ಕೆಲ್ಲ ದನಿ ಏರಿಸದೇ ಉತ್ತರ ಕೊಟ್ಟೆ. ಒಳಗಿನ ಅಗಲ 3.70 ಮೀಟರ್, ಬೋಯಿಂಗ್ 737ರಲ್ಲಿ 3.54. ಹದಿನಾರು ಸೆಂಟಿಮೀಟರ್ ಏನು ಮಹಾ ಅನಿಸಬಹುದು, ಆದರೆ ನಡುವಿನ ಸೀಟಿನಲ್ಲಿ ಕೂತು ನೋಡಿ, ಭುಜಕ್ಕೇ ಗೊತ್ತಾಗುತ್ತದೆ. ಅಂದ ಹಾಗೆ, ಈ ವಿಮಾನದ ಮುಂಬಾಗಿಲುಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಏರ್‌ಬಸ್‌ಗೆ ಮಾಡಿಕೊಟ್ಟಿದೆ. ಇದನ್ನು ಕೇಳಿದ ಅಮ್ಮ ಇಳಿಯುವಾಗ ಬಾಗಿಲನ್ನು ಒಮ್ಮೆ ಮುಟ್ಟಿ ನೋಡಿದಳು.

ಬೇಜಾರಾಗಿದ್ದು ಸೀಟಿನ ವಿಷಯದಲ್ಲಿ. ತೆಳ್ಳಗಿನ ಕುಶನ್, ಹಿಂದಕ್ಕೆ ಬಾಗುವುದೇ ಇಲ್ಲ, ಮಂಡಿ ಮುಂದಿನ ಸೀಟಿಗೆ ತಾಗುತ್ತದೆ, ಎರಡು ಗಂಟೆ ದಾಟಿದ ಮೇಲೆ ಅಮ್ಮನಿಗೆ ಕಾಲು ನೋವು ಜಾಸ್ತಿಯಾಯಿತು. ಇದಕ್ಕೆ ವಿಮಾನವನ್ನು ದೂರುವುದು ಸರಿಯಲ್ಲ. ಎರಡು ದರ್ಜೆ ಇಟ್ಟರೆ 150ರ ಆಸುಪಾಸಿನಷ್ಟು ಸೀಟು ಹಿಡಿಯುವ ಜಾಗದಲ್ಲಿ 180ಕ್ಕೂ ಜಾಸ್ತಿ ತುಂಬಿದ್ದು ವಿಮಾನಯಾನ ಕಂಪನಿ. ವಯಸ್ಸಾದವರು ಇರುವ ಕಡೆ ಇಷ್ಟು ಇಕ್ಕಟ್ಟು ಮಾಡಬಾರದು.

ದೊಡ್ಡವರನ್ನು ಕರೆದುಕೊಂಡು ಹೋಗುವವರು ರೆಕ್ಕೆಗಿಂತ ಮುಂದಿನ ಸಾಲು ಹಿಡಿಯಿರಿ, ಆ ಬೊಗಳುವ ಸದ್ದು ಅಲ್ಲಿ ಕಡಿಮೆ. ಅವರಿಗೆ ಓಣಿಯ ಪಕ್ಕದ ಸೀಟು ಕೊಡಿ, ಕಾಲು ಚಾಚಬಹುದು, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲೂಬಹುದು. ವಾಪಸ್ ಬರುವಾಗ ನಾವು ಹಾಗೇ ಮಾಡಿದೆವು.