ಕೋಟು ಹರಿದ್ರೆ ದಾದರ್‌ನಲ್ಲೇ ರಫೂನಾ, ಫಾರಿನ್‌ಗೆ ಕಳಿಸೋದಾ?

ಉಲ್ಲನ್ ಕೋಟು ತೂತಾಗಿದ್ರೆ ಯೋಚ್ನೆನೇ ಬೇಡ, ಮುಂಬೈನಲ್ಲೇ ರಫೂ ಮಾಡಿಸಿ, ದಾದರ್‌ನಲ್ಲಿ ನನ್ನ ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿ ಅಡ್ಡ ಉದ್ದ ನೇಯ್ದುಕೊಟ್ರು, ಬೆಳಕಿಗೆ ಹಿಡಿದ್ರೂ ಗೊತ್ತಾಗಲ್ಲ. ಗೋರ್‌ಟೆಕ್ಸ್ ಜಾಕೆಟ್ (ಮಳೆ ನೀರು ಒಳಗೆ ಬಿಡದ ಪದರ ಇರೋದು) ಹಂಗಲ್ಲ, ಸೂಜಿ ಚುಚ್ಚಿದ ಕಡೆಯೆಲ್ಲ ಮಳೆ ನೀರು ಇಳಿಯುತ್ತೆ, ಒಳಗಿಂದ ಟೇಪ್ ಬಿಸಿ ಮಾಡಿ ಒತ್ತಬೇಕು, ಅದನ್ನ ಫಾರಿನ್‌ನಲ್ಲಿರೋ ಕಂಪನಿಗೇ ಕಳಿಸೋದು ವಾಸಿ. ಆದ್ರೆ ಕಳಿಸೋವಾಗ್ಲೇ ಶಿಪ್ಪಿಂಗ್ ಬಿಲ್‌ನಲ್ಲಿ (ಹೊರದೇಶಕ್ಕೆ ಕಳಿಸೋವಾಗ ಕಸ್ಟಮ್ಸ್‌ಗೆ ಕೊಡೋ ಕಾಗದ) ರಿಪೇರಿಗೆ ಅಂತ ಬರೆಸಿ, ಅದರ ಕಾಪಿ ಮತ್ತೆ ಜಾಕೆಟ್ಟಿನ ಲೇಬಲ್ ಫೋಟೋ ಇಟ್ಕೊಳ್ಳಿ, ವಾಪಸ್ ಬಂದಿದ್ದು ಅದೇ ಜಾಕೆಟ್ ಅಂತ ತೋರಿಸೋಕೆ. 3 ವರ್ಷದೊಳಗೆ ವಾಪಸ್ ಬಂದ್ರೆ ರಿಪೇರಿ ಖರ್ಚು, ಹೋಗಿ ಬರೋ ಸಾಗಾಟ, ಇನ್ಶೂರೆನ್ಸ್ ಇಷ್ಟರ ಮೇಲೆ ಮಾತ್ರ ಕಸ್ಟಮ್ಸ್ ಡ್ಯೂಟಿ, ಜಾಕೆಟ್ಟಿನ ಪೂರ್ತಿ ಬೆಲೆ ಮೇಲಲ್ಲ. ಕಂಪನಿ ಫ್ರೀಯಾಗಿ ರಿಪೇರಿ ಮಾಡಿದ್ರೂ ಆ ಖರ್ಚು ಲೆಕ್ಕಕ್ಕೆ ಬರುತ್ತೆ. ನಾನು ಮೊದಲ ಸಲ ಈ ಕಾಗದ ಇಲ್ದೆ ಕಳಿಸಿ, ಹೊಸ ಜಾಕೆಟ್ಟಿನ ಹಾಗೆ ಪೂರ್ತಿ ಡ್ಯೂಟಿ ಕಟ್ಟಿದೆ, ಹೊಟ್ಟೆ ಉರಿದುಹೋಯ್ತು.