ತಲೆ ಕಟ್ಟಿದ ಡಿಸೈನರ್‌ಗಳ ಕಾರ್ಯಾಗಾರ: ಪಾಠಕ್ಕೆ ಫುಲ್ ಮಾರ್ಕ್ಸ್, ಮೈಕಿಗೆ ಸೊನ್ನೆ

ಮೂರು ತಿಂಗಳಿಂದ ಒಂದು ಲೋಗೋನೂ ನೆಟ್ಟಗೆ ಬರುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ಸಾಗರದ ಹತ್ತಿರ ಒಂದು ಹೋಂಸ್ಟೇಯಲ್ಲಿ ನಡೆದ ಎರಡು ದಿನದ ಕಾರ್ಯಾಗಾರಕ್ಕೆ ಹೋದೆ. ಹೊಸದೇನೂ ಹೊಳೆಯದೆ ಡಿಸೈನರ್ ತಲೆ ಎಲ್ಲಿ ಕಟ್ಟಿಕೊಳ್ಳುತ್ತೆ ಅಂತ ಸಂಶೋಧಕರು ಹೇಗೆ ಪತ್ತೆ ಹಚ್ಚುತ್ತಾರೆ ಅನ್ನೋದೇ ವಿಷಯ.

ಮೊದಲ ಬೆಳಿಗ್ಗೆ ಅಪ್ಪೆಮಿಡಿ ಉಪ್ಪಿನಕಾಯಿಗೆ ಲೇಬಲ್ ಬಿಡಿಸಲು ಹೇಳಿದರು. ಅರ್ಧ ಜನಕ್ಕೆ ಮಾತ್ರ ಒಂದು ಮಾದರಿ ತೋರಿಸಿದ್ದರು. ಅದನ್ನು ನೋಡಿದ ನಾವೆಲ್ಲ, ಒಬ್ಬರನ್ನೊಬ್ಬರು ನೋಡದೆಯೇ, ಅದೇ ಮೂಲೆಯಲ್ಲಿ ಅದೇ ಮಾವಿನ ಎಲೆ ಬರೆದು ಕೂತಿದ್ದೆವು! 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಅನ್ನೋ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿತ್ತು, ಮಾದರಿಯಲ್ಲಿದ್ದ ತಪ್ಪನ್ನೂ ಜನ ಕಾಪಿ ಹೊಡೆದಿದ್ದರು.

ಮಧ್ಯಾಹ್ನ ಥಿಂಕ್ ಅಲೌಡ್. ಬಿಡಿಸುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ತಲೆ ಕಟ್ಟಿ ಎಲ್ಲಿ ಸುಮ್ಮನಾದೆವು ಅಂತ ಆಮೇಲೆ ರೆಕಾರ್ಡಿಂಗ್ ಕೇಳಿ ಗುರುತು ಹಾಕಬೇಕು. ಕೇಳಿದರೆ ತಗಡಿನ ಮಾಡಿನ ಮೇಲೆ ಮಳೆ ಸದ್ದು ಬಿಟ್ಟು ಏನೂ ಇಲ್ಲ. ಜುಲೈ ತಿಂಗಳಲ್ಲಿ, ಮಲೆನಾಡಲ್ಲಿ, ಕಾಲರ್ ಮೈಕ್ ಇಲ್ಲದೆ ಇದನ್ನ ಮಾಡಿಸೋರಿಗೆ ಏನು ಹೇಳೋದು?

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಡೈರಿ ವಿಧಾನ. ಕೈ ನಿಂತಾಗಲೆಲ್ಲ ಸಮಯ, ಅದಕ್ಕೆ ಮುಂಚೆ ಆದದ್ದು, ಎರಡನ್ನೂ ಒಂದೇ ಸಾಲಲ್ಲಿ ಬರೆಯಬೇಕು. ಮನೆಗೆ ಬಂದು ಒಂದು ವಾರ ಬರೆದೆ. 'ಮಂಗಳವಾರ 11 ಗಂಟೆ, ಕ್ಲೈಂಟ್ ಫೋನ್, ಆಮೇಲೆ ಖಾಲಿ.' ಇಂಥ ಸಾಲು ನಾಲ್ಕು ಸಿಕ್ಕವು. ಒಬ್ಬನ ಒಂದು ವಾರದ ಡೈರಿ ಏನನ್ನೂ ಸಾಬೀತು ಮಾಡಲ್ಲ, ಆದರೂ ಈಗ ಬೆಳಿಗ್ಗೆ ಫೋನ್ ಸೈಲೆಂಟ್.

3500 ರೂಪಾಯಿ ಸ್ವಲ್ಪ ಜಾಸ್ತಿ ಆಯ್ತು. ಕಡುಬು ಮಾತ್ರ ಸೂಪರ್. ಹೋಗೋದಾದರೆ ಮಳೆ ಕಳೆದ ಮೇಲೆ ಹೋಗಿ.