ಒಂದೇ ಕಥೆ, ಒಂದೇ ಮಳೆಗಾಲ: ಕಾರ್ಟೂನ್ ಮತ್ತು ಸಿನಿಮಾ

ನಮ್ಮ ಮನೆಯಲ್ಲಿ ಟಿವಿ ಇರುವುದು ಜಗಲಿಯಲ್ಲಿ. ಮೇಲೆ ತಗಡಿನ ಶೀಟು. ಕಕ್ಕಡ ತಿಂಗಳ ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕಿವಿಗೆ ಬೀಳುವುದಿಲ್ಲ. ಹೋದ ಮಳೆಗಾಲದಲ್ಲಿ ಡಿಸಿಯವರು ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಅಕ್ಕನ ಮಕ್ಕಳಿಬ್ಬರೂ ಮಡಿಕೇರಿಯಿಂದ ನಮ್ಮ ತೋಟದ ಮನೆಗೆ ಬಂದಿದ್ದರು. ಹುಡುಗಿಗೆ 12, ಹುಡುಗನಿಗೆ 9. ಆಗ ನನಗೆ ಬಹಳ ದಿನದ ಒಂದು ಆಸೆ ತೀರಿಸಿಕೊಳ್ಳುವ ಮನಸ್ಸಾಯಿತು. ನಾನು ಪ್ರಾಣ ಬಿಡುವಷ್ಟು ಇಷ್ಟಪಡುವ ಕಾರ್ಟೂನ್ ಸರಣಿಯನ್ನೂ, ಅದೇ ಕಥೆ ಇಟ್ಟುಕೊಂಡು ಬಂದ ಸಿನಿಮಾವನ್ನೂ ಒಂದರ ಹಿಂದೆ ಒಂದು ಮಕ್ಕಳ ಜೊತೆ ನೋಡುವುದು.

ಸರಣಿ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. 2005ರಲ್ಲಿ ನಿಕೆಲೋಡಿಯನ್ ಚಾನೆಲ್‌ನಲ್ಲಿ ಶುರುವಾಗಿ 2008ರಲ್ಲಿ ಮುಗಿಯಿತು. ಒಟ್ಟು 61 ಕಂತು. ನೀರು, ಮಣ್ಣು, ಬೆಂಕಿ ಅಂತ ಮೂರು ಭಾಗ. ಸಿನಿಮಾ 2010ರದು, ಹೆಸರು 'ದಿ ಲಾಸ್ಟ್ ಏರ್‌ಬೆಂಡರ್'. ಅದೇ ಹೊತ್ತಿಗೆ 'ಅವತಾರ್' ಅನ್ನುವ ಇನ್ನೊಂದು ದೊಡ್ಡ ಸಿನಿಮಾ ಬಂದು ಹೋಗಿತ್ತು. ಹಾಗಾಗಿ ಇದು ಹೆಸರಿನ ಮೊದಲ ಅರ್ಧವನ್ನು ಬಿಟ್ಟುಕೊಡಬೇಕಾಯಿತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ನಾಡುಗಳು. ಪ್ರತಿ ನಾಡಿನಲ್ಲೂ ನೀರು, ಮಣ್ಣು, ಬೆಂಕಿ, ಗಾಳಿಯಲ್ಲಿ ಒಂದನ್ನು ಕೈಬೀಸಿ ಆಡಿಸಬಲ್ಲವರು ಇರುತ್ತಾರೆ. ನಾಲ್ಕನ್ನೂ ಆಡಿಸಬಲ್ಲವನು ಅವತಾರ್ ಒಬ್ಬನೇ. ಆಂಗ್ ಅನ್ನುವ 12 ವರ್ಷದ ಆ ಹುಡುಗ ನೂರು ವರ್ಷ ಮಂಜುಗಡ್ಡೆಯೊಳಗೆ ಮಲಗಿ ಎದ್ದಾಗ, ಬೆಂಕಿ ನಾಡಿನವರು ಅವನ ಜನರನ್ನೆಲ್ಲ ಮುಗಿಸಿಬಿಟ್ಟಿರುತ್ತಾರೆ.

2010ರಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಸಿನಿಮಾ ಬರುತ್ತದೆ ಅಂದಾಗ ಎಷ್ಟು ಖುಷಿಪಟ್ಟಿದ್ದೆ! ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಹುಟ್ಟಿದ್ದು ಕೇರಳದ ಕರಾವಳಿಯ ಮಾಹೆ ಊರಿನಲ್ಲಿ. ವಿರಾಜಪೇಟೆಯಿಂದ ಬೆಳಿಗ್ಗೆ ಹೊರಟು ಮಾಕುಟ್ಟದ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅವರು ಬೆಳೆದದ್ದು ಅಮೆರಿಕದಲ್ಲಾದರೂ ನನಗೆ ಅವರು ನಮ್ಮ ಕಡೆಯವರೇ. ಅವತಾರ, ಚಕ್ರ, ಗುರು, ಅಗ್ನಿ ಅಂತೆಲ್ಲ ಬರುವ ಕಥೆ ಇಂಥವರ ಕೈಗೆ ಸಿಕ್ಕಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಆ ದಿನ ಚಿತ್ರಮಂದಿರದಿಂದ ಹೊರಗೆ ಬಂದಾಗ ಗಂಟಲು ಕಟ್ಟಿತ್ತು. ತ್ರೀಡಿ ಕನ್ನಡಕ ಹಾಕಿ ನೋಡಿದ್ದೆ, ಪರದೆ ಪೂರ್ತಿ ಮಬ್ಬು. ತ್ರೀಡಿ ಪರಿಣಾಮವನ್ನು ಚಿತ್ರೀಕರಣ ಮುಗಿದ ಮೇಲೆ ಸೇರಿಸಿದ್ದರು. ಬೇಜಾರು ಬರೀ ಅದರಿಂದ ಬಂದದ್ದಾ, ಅಥವಾ ನಿರೀಕ್ಷೆ ಜಾಸ್ತಿಯಾಗಿತ್ತಾ ಅನ್ನುವ ಅನುಮಾನ ಮಾತ್ರ ಉಳಿದಿತ್ತು. ಇಷ್ಟು ವರ್ಷದ ಮೇಲೆ ಮನೆಯ ಟಿವಿಯಲ್ಲಿ, ಮಕ್ಕಳ ನಡುವೆ ಕೂತು ಅದನ್ನು ಬಗೆಹರಿಸಿಕೊಳ್ಳಬೇಕಿತ್ತು.

ಸಿನಿಮಾ ತೆಗೆದುಕೊಂಡಿರುವುದು ಮೊದಲ ಭಾಗವನ್ನು ಮಾತ್ರ. ಹಾಗಾಗಿ ನಾನೂ ಆ 20 ಕಂತುಗಳ ಜೊತೆಗೇ ಹೋಲಿಸುತ್ತೇನೆ. ಒಂದೊಂದು ಕಂತು ಸುಮಾರು 23 ನಿಮಿಷ. ಎಲ್ಲ ಸೇರಿದರೆ ಏಳೂವರೆ ಗಂಟೆ ದಾಟುತ್ತದೆ. ಸಿನಿಮಾ 103 ನಿಮಿಷ. ಕತ್ತರಿಸಲೇಬೇಕು, ನಾನು ಒಪ್ಪುತ್ತೇನೆ. ಆದರೆ ಏನನ್ನು ಕತ್ತರಿಸಿದರು ಅನ್ನುವುದೇ ನನ್ನ ತಕರಾರು.

ಮೊದಲು ಹೋದದ್ದು ನಗು. ಸರಣಿಯಲ್ಲಿ ಮಂಜುಗಡ್ಡೆಯಿಂದ ಎದ್ದ ಆಂಗ್ ನೀರಿನ ನಾಡಿನ ಹುಡುಗಿ ಕಟಾರಾಳನ್ನು ಮೊದಲು ಕೇಳುವುದೇ ಪೆಂಗ್ವಿನ್ ಮೇಲೆ ಕೂತು ಜಾರುಬಂಡಿ ಆಡೋಣವಾ ಅಂತ. ಲೋಕ ಉಳಿಸಬೇಕಾದವನು ಮೊದಲು ಒಬ್ಬ ಹುಡುಗ ಅನ್ನುವುದು ನಮಗೆ ಅಲ್ಲೇ ಗೊತ್ತಾಗುತ್ತದೆ. ಸಿನಿಮಾದ ಆಂಗ್ ಆಡುವುದೇ ಇಲ್ಲ. ಮುಖ ಗಂಟು ಹಾಕಿಕೊಂಡು ಓಡಾಡುತ್ತಾನೆ. ಆ ಪುಟ್ಟ ನಟನಿಗೆ ಮೈ ಚೆನ್ನಾಗಿ ಬಾಗುತ್ತದೆ, ಕೋಲು ಬೀಸುವುದು ನೋಡಲು ಚೆಂದ. ಆದರೆ ಅವನಿಗೆ ನಗಲು ಒಂದು ಸಾಲು ಕೊಟ್ಟಿಲ್ಲ. ಕಟಾರಾಳ ಅಣ್ಣ ಸೊಕ್ಕಾನ ಗತಿಯೂ ಅಷ್ಟೇ. ಕಾರ್ಟೂನಿನಲ್ಲಿ ಅವನು ಹೆಸರಿಗೆ ತಕ್ಕ ಹಾಗೆ ಸ್ವಲ್ಪ ಸೊಕ್ಕಿನ ಹುಡುಗ. ಎಲ್ಲ ತನಗೆ ಗೊತ್ತು ಅನ್ನುತ್ತಾನೆ, ಬಿದ್ದು ಕಲಿಯುತ್ತಾನೆ. ಮಕ್ಕಳು ಅವನ ಹೆಸರು ಕೇಳಿಯೇ ಬಿದ್ದು ಬಿದ್ದು ನಕ್ಕರು. ಸಿನಿಮಾದಲ್ಲಿ ಅವನು 'ಸೋಕಾ'. ಉಚ್ಚಾರ ಬದಲಾಯಿತು, ಜೊತೆಗೆ ಆ ಹುಡುಗನೂ ಹೋದ.

ಹೆಸರುಗಳ ವಿಷಯ ಬಂದಾಗ ಇನ್ನೊಂದು ಹೇಳಲೇಬೇಕು. ಆಂಗ್‌ನ ಹಾರುವ ಕಾಡೆಮ್ಮೆಯ ಹೆಸರು ಅಪ್ಪ. ಆರು ಕಾಲಿನ, ಮೈತುಂಬ ಬಿಳಿ ಕೂದಲಿನ, ಮಳೆಯಲ್ಲೂ ಚಳಿಯಲ್ಲೂ ಎಲ್ಲರನ್ನೂ ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ. ಅಮೆರಿಕದ ಮಕ್ಕಳಿಗೆ ಅದೊಂದು ಹೆಸರು ಅಷ್ಟೇ. ನಮ್ಮ ಹುಡುಗ ಮಾತ್ರ ಮೊದಲ ದಿನವೇ ತೀರ್ಮಾನ ಮಾಡಿದ: "ಇದಕ್ಕೆ ಸರಿಯಾದ ಹೆಸರೇ ಇಟ್ಟಿದ್ದಾರೆ ಚಿಕ್ಕಮ್ಮ." ಬೆಂಕಿ ನಾಡಿನವರ ದ್ವಂದ್ವಯುದ್ಧಕ್ಕೆ 'ಅಗ್ನಿ ಕೈ' ಅನ್ನುತ್ತಾರೆ. ನಮಗೆ ಅದನ್ನೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಶೀಟಿನ ಮೇಲಿನ ಮಳೆಗೆ ಬರುತ್ತೇನೆ. ನಾನು ಎಣಿಸದೇ ಇದ್ದ ಒಂದು ಪರೀಕ್ಷೆಯನ್ನು ಅದು ಮಾಡಿಬಿಟ್ಟಿತು. ಕಾರ್ಟೂನಿನ ಎಷ್ಟೋ ಕಂತುಗಳನ್ನು ನಾವು ಮಾತು ಕೇಳಿಸದೆಯೇ ನೋಡಿದ್ದೇವೆ. ಕಥೆ ತಪ್ಪಲಿಲ್ಲ. ಯಾಕೆಂದರೆ ಪ್ರತಿಯೊಂದು ನಾಡಿನವರ ಮೈ ಬೇರೆ ಬೇರೆ ಥರ ಚಲಿಸುತ್ತದೆ. ನೀರಿನವರಿಗೆ ತಾಯ್ ಚಿ, ಮಣ್ಣಿನವರಿಗೆ ಹುಂಗ್ ಗಾರ್, ಬೆಂಕಿಯವರಿಗೆ ಉತ್ತರ ಶಾವೋಲಿನ್, ಗಾಳಿಯವರಿಗೆ ಬಾಗ್ವಾ. ಎಲ್ಲವೂ ಚೀನಾದ ನಿಜವಾದ ಸಮರಕಲೆಗಳು. ಒಬ್ಬ ಗುರುವನ್ನು ಇಟ್ಟುಕೊಂಡು, ಹೆಜ್ಜೆ ನೋಡಿ ಚಿತ್ರ ಬರೆದಿದ್ದಾರೆ. ಮಣ್ಣಿನವರು ಕಾಲೂರಿ ನಿಲ್ಲುತ್ತಾರೆ, ಗಾಳಿಯವರು ಸುತ್ತುತ್ತಾರೆ. ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತದೆ. ಸಿನಿಮಾದ ದಿನ ಅದೇ ಮಳೆ, ಅದೇ ಜಗಲಿ. ಅರ್ಧ ಗಂಟೆಯಲ್ಲಿ ಮಕ್ಕಳಿಬ್ಬರೂ "ಈಗ ಏನಾಯ್ತು? ಇವರು ಎಲ್ಲಿಗೆ ಹೊರಟ್ರು?" ಅಂತ ಕೇಳಲು ಶುರು ಮಾಡಿದರು. ಅಲ್ಲಿ ಎಲ್ಲವೂ ಮಾತಿನಲ್ಲಿ. ನಡುನಡುವೆ ಹಿನ್ನೆಲೆಯ ದನಿ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ. ಮಾತು ಮುಳುಗಿದರೆ ಸಿನಿಮಾವೇ ಮುಳುಗುತ್ತದೆ. ಮಳೆ ನಿಂತ ಮೇಲೆ ಹಿಂದಕ್ಕೆ ಹೋಗಿ ಮತ್ತೆ ನೋಡಿದೆವು. ಆಗ ಕಥೆ ಅರ್ಥವಾಯಿತು, ಹತ್ತಿರ ಮಾತ್ರ ಬರಲಿಲ್ಲ.

ಝುಕೋನ ಕಥೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಝುಕೋ ಬೆಂಕಿ ನಾಡಿನ ರಾಜಕುಮಾರ, ಎಡಗಣ್ಣಿನ ಸುತ್ತ ದೊಡ್ಡ ಸುಟ್ಟ ಗಾಯ. ಹನ್ನೊಂದು ಕಂತಿನವರೆಗೆ ನಾವು ಅವನನ್ನು ಬೈಯುತ್ತಲೇ ಇರುತ್ತೇವೆ. 12ನೇ ಕಂತಿನಲ್ಲಿ ಸಮುದ್ರದಲ್ಲಿ ಬಿರುಗಾಳಿ ಏಳುತ್ತದೆ. ಆಂಗ್ ಒಂದು ಗುಹೆಯಲ್ಲಿ ಕೂತು ಕಟಾರಾಳಿಗೆ ತನ್ನ ಕಥೆ ಹೇಳುತ್ತಿದ್ದಾನೆ. ಹಡಗಿನಲ್ಲಿ ಝುಕೋನ ದೊಡ್ಡಪ್ಪ ಐರೋ, ಝುಕೋನ ಮೇಲೆ ಸಿಟ್ಟಾದ ನಾವಿಕರಿಗೆ ಅವನ ಕಥೆ ಹೇಳುತ್ತಿದ್ದಾನೆ. ಹೊಸದಾಗಿ ಸೇರಿದ ಸೈನಿಕರನ್ನು ಬಲಿಕೊಡುವ ಯೋಜನೆ ತಪ್ಪು ಅಂತ 13 ವರ್ಷದ ಹುಡುಗ ಸಭೆಯಲ್ಲಿ ಎದ್ದು ಹೇಳಿದ್ದ. ಅದಕ್ಕೆ ಅಗ್ನಿ ಕೈ. ಎದುರಿಗೆ ಬಂದು ನಿಂತವನು ಸ್ವಂತ ತಂದೆ. ಹುಡುಗ ಹೊಡೆದಾಡುವುದಿಲ್ಲ, ಮಂಡಿಯೂರಿ ಕ್ಷಮೆ ಕೇಳುತ್ತಾನೆ. ತಂದೆ ಅವನ ಮುಖ ಸುಡುತ್ತಾನೆ. ಸುಡುವುದನ್ನು ನಮಗೆ ತೋರಿಸುವುದಿಲ್ಲ. ನೋಡಲಾರದೆ ಮುಖ ತಿರುಗಿಸಿದ ಐರೋನನ್ನು ತೋರಿಸುತ್ತಾರೆ. ನಮ್ಮ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಕೈಗಳು ನಿಂತವು. ಅಡುಗೆಮನೆಯಿಂದ ಬೆಲ್ಲದ ಕಾಫಿ ತಂದ ಅಮ್ಮ ಲೋಟ ಹಿಡಿದುಕೊಂಡೇ ನಿಂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. "ಅವನ ಅಪ್ಪನಾ ಅದು?" ಅಂತ ಒಂದೇ ಮಾತು ಕೇಳಿದರು.

ಸಿನಿಮಾದಲ್ಲಿ ಇದಕ್ಕೆ ಏನು ಮಾಡಿದ್ದಾರೆ ಗೊತ್ತಾ? ಝುಕೋ ದಾರಿಯಲ್ಲಿ ಸಿಕ್ಕ ಒಬ್ಬ ಹುಡುಗನನ್ನು ಕರೆದು, ರಾಜಕುಮಾರನ ಬಗ್ಗೆ ನಿನಗೆ ಏನು ಗೊತ್ತು ಹೇಳು ಅನ್ನುತ್ತಾನೆ. ಹುಡುಗ ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ಮುಗಿಯಿತು. ಮುಖದ ಗಾಯವೂ ಅಷ್ಟು ಎದ್ದು ಕಾಣುವುದಿಲ್ಲ. ಝುಕೋ ಆಗಿರುವ ದೇವ್ ಪಟೇಲ್ ಮೇಲೆ ನನಗೆ ದೂರಿಲ್ಲ. ಇಡೀ ಸಿನಿಮಾದಲ್ಲಿ ಕಣ್ಣಲ್ಲಿ ನೋವು ಇಟ್ಟುಕೊಂಡು ನಟಿಸಿದವರು ಅವರೇ. ಅವರಿಗೆ ಪುರುಸೊತ್ತು ಕೊಡಲಿಲ್ಲ, ಅಷ್ಟೇ.

ಮಣ್ಣಿನವರ ಜೈಲನ್ನೂ ನೋಡಿ. ಕಾರ್ಟೂನಿನಲ್ಲಿ ಅವರನ್ನು ಸಮುದ್ರದ ನಡುವೆ ಕಬ್ಬಿಣದ ಕಟ್ಟೆಯ ಮೇಲೆ ಕೂಡಿಹಾಕಿರುತ್ತಾರೆ. ಸುತ್ತ ಎಲ್ಲೂ ಒಂದು ಹಿಡಿ ಮಣ್ಣಿಲ್ಲ. ಆಂಗ್ ಮತ್ತು ಗೆಳೆಯರು ಉಪಾಯ ಮಾಡಿ ಕಲ್ಲಿದ್ದಲನ್ನು ಮೇಲಕ್ಕೆ ತಂದು ಸುರಿಯುತ್ತಾರೆ. ಸೋತು ಹೋದ ಜನ ಆಗಲೂ ಕದಲುವುದಿಲ್ಲ. ಕೊನೆಗೆ ಒಬ್ಬ ಹುಡುಗ ಒಂದು ಸಣ್ಣ ತುಂಡು ಎಸೆಯುತ್ತಾನೆ, ಅಲ್ಲಿಂದ ಶುರು. ಸಿನಿಮಾದಲ್ಲಿ ಅವರನ್ನು ಇಟ್ಟಿರುವುದು ಮಣ್ಣಿನ ಮೇಲೆಯೇ, ಸುತ್ತ ಗುಡ್ಡ. ನಿಮ್ಮ ಕಾಲ ಕೆಳಗೇ ಮಣ್ಣಿದೆಯಲ್ಲ ಅಂತ ಆಂಗ್ ಬಂದು ನೆನಪಿಸಬೇಕು! ಆಮೇಲೆ ಆರು ಜನ ಸಾಲಾಗಿ ನಿಂತು ಕಾಲು ಬಡಿದು ಕೈ ಬೀಸಿದರೆ ಒಂದೇ ಒಂದು ಕಲ್ಲು ನಿಧಾನವಾಗಿ ತೇಲಿ ಹೋಗುತ್ತದೆ. ಆ ಕಲ್ಲಿಗೆ ತೂಕವೇ ಇಲ್ಲ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ಕೊಡಗಿನವರಿಗೆ ಮಣ್ಣಿನ ತೂಕ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಆ ವರ್ಷ ಮಕ್ಕಂದೂರು ಕಡೆ ಇದ್ದ ನಮ್ಮ ದೊಡ್ಡಮ್ಮನ ಮನೆ ಗುಡ್ಡದ ಜೊತೆಗೇ ಹೋಯಿತು. ಜನ ಉಳಿದರು. ಮನೆ, ಕೊಟ್ಟಿಗೆ, ಒಂದು ಎಕರೆ ತೋಟ ಉಳಿಯಲಿಲ್ಲ. ಅಕ್ಕನ ಮಗಳಿಗೆ ಆಗ ಆರು ವರ್ಷ. ರಜೆ ಬಂದರೆ ಅವಳು ಇರುತ್ತಿದ್ದುದೇ ಅಲ್ಲಿ. ಅವಳ ಮುಂದೆ ನಾವು ಆ ಮಾತು ತೆಗೆಯಲಿಲ್ಲ. ಪೇಪರ್ ಮಡಚಿ ಬೀರುವಿನ ಮೇಲಿಟ್ಟೆವು. ಮೊಬೈಲಿಗೆ ಬಂದ ವಿಡಿಯೋಗಳನ್ನು ಅಳಿಸಿದೆವು. ಕಾರ್ಟೂನಿನ ಮೂರನೇ ಕಂತಿನಲ್ಲಿ ಆಂಗ್ ತನ್ನ ಹಳೆಯ ಮಠಕ್ಕೆ ಹೋಗುತ್ತಾನೆ. ತನ್ನವರೆಲ್ಲ ಇನ್ನೂ ಇದ್ದಾರೆ ಅಂತಲೇ ಅವನ ನಂಬಿಕೆ. ಆಟದ ಜಾಗ ತೋರಿಸುತ್ತಾನೆ, ಸೊಕ್ಕಾನ ಜೊತೆ ಚೆಂಡಾಡುತ್ತಾನೆ. ಅಷ್ಟರಲ್ಲಿ ಸೊಕ್ಕಾನಿಗೆ ಹಿಮದಲ್ಲಿ ಬೆಂಕಿ ನಾಡಿನ ಸೈನಿಕನ ಶಿರಸ್ತ್ರಾಣ ಕಾಣುತ್ತದೆ, ಕಟಾರಾಳಿಗೆ ತೋರಿಸುತ್ತಾನೆ. ಅವಳು ಆಂಗ್‌ನನ್ನು ಕರೆಯುತ್ತಾಳೆ. ಅವನು ನಗುತ್ತ ಓಡಿ ಬರುತ್ತಾನೆ. ಆ ಮುಖ ನೋಡಿ ಅವಳಿಗೆ ಹೇಳಲು ಆಗುವುದಿಲ್ಲ. ಕೈಯಾಡಿಸಿ ಅದರ ಮೇಲೆ ಹಿಮ ಬೀಳಿಸಿ ಮುಚ್ಚಿಬಿಡುತ್ತಾಳೆ.

ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನೀವೂ ಹೀಗೇ ಮಾಡಿದ್ರಿ ಅಲ್ವಾ ಚಿಕ್ಕಮ್ಮ?"

ಹೌದು ಅಂದೆ. ಆ ರಾತ್ರಿ ಕರೆಂಟ್ ಇರಲಿಲ್ಲ. ದೊಡ್ಡಮ್ಮನ ಮನೆಯ ವಿಷಯ ಪೂರ್ತಿ ಅವಳ ಜೊತೆ ಮಾತಾಡಿದೆ. ಏನು ಉಳಿದಿತ್ತು, ಯಾರು ಹೋಗಿ ನೋಡಿದರು, ಕಾಫಿ ಒಣಗಿಸುವ ಕಣದ ಒಂದು ಅಂಚು ಮಾತ್ರ ಹೇಗೆ ಹಾಗೇ ನಿಂತಿತ್ತು, ಎಲ್ಲ.

ಸಿನಿಮಾದಲ್ಲೂ ಆಂಗ್ ಮಠಕ್ಕೆ ಹೋಗುತ್ತಾನೆ, ಅಲ್ಲೂ ಮೂಳೆಗಳಿವೆ, ಅಲ್ಲೂ ಅವನು ಕುಸಿಯುತ್ತಾನೆ. ಆದರೆ ಅದಕ್ಕೂ ಮೊದಲಿನ ಚೆಂಡಾಟ ಇಲ್ಲ. ಹಿಮ ಮುಚ್ಚುವ ಆ ಕೈ ಇಲ್ಲ. ಬರೀ ಮೂಳೆ ತೋರಿಸಿದರೆ ದುಃಖ ಬಂದುಬಿಡುತ್ತದಾ?

ಇನ್ನೊಂದು ಮಾತು ಹುಡುಗನಿಂದ ಬಂತು. ಕಾರ್ಟೂನಿನಲ್ಲಿ ಕಟಾರಾ, ಸೊಕ್ಕಾ ಕಂದು ಮೈಬಣ್ಣದ ಮಕ್ಕಳು. ಸಿನಿಮಾದಲ್ಲಿ ಆ ಪಾತ್ರಗಳು ಬಿಳಿಯ ನಟರಿಗೆ ಹೋದವು. ಬೆಂಕಿ ನಾಡಿನ ಕಡೆ ಮಾತ್ರ ದೇವ್ ಪಟೇಲ್, ಆಸಿಫ್ ಮಾಂಡ್ವಿ. ಸಿನಿಮಾ ಬರುವ ಮೊದಲೇ ಅಮೆರಿಕದಲ್ಲಿ ಅಭಿಮಾನಿಗಳು ಇದಕ್ಕೆ ಜೋರು ವಿರೋಧ ಮಾಡಿದ್ದರು. ನಾನು ಇದನ್ನೆಲ್ಲ ಮಕ್ಕಳಿಗೆ ಹೇಳಿರಲಿಲ್ಲ. ಒಂಬತ್ತು ವರ್ಷದವನು ತಾನಾಗಿಯೇ ಕೇಳಿದ, "ನಮ್ಮ ಥರ ಇರೋರೆಲ್ಲ ಯಾಕೆ ಆ ಕಡೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಹೆಯಲ್ಲಿ ಹುಟ್ಟಿದವರ ಸಿನಿಮಾ ಅನ್ನುವುದು ಆ ಗಳಿಗೆಯಲ್ಲಿ ಇನ್ನೂ ಜಾಸ್ತಿ ನೋವು ಕೊಟ್ಟಿತು.

ಸಿನಿಮಾ ಗೆದ್ದದ್ದು ಎಲ್ಲೂ ಇಲ್ಲವಾ? ಇದೆ. ಗ್ರೀನ್‌ಲ್ಯಾಂಡಿನಲ್ಲಿ ತೆಗೆದ ಹಿಮದ ದೃಶ್ಯಗಳು ನಿಜವಾಗಿಯೂ ಚಳಿ ಹುಟ್ಟಿಸುತ್ತವೆ. ಜೇಮ್ಸ್ ನ್ಯೂಟನ್ ಹೋವರ್ಡ್ ಅವರ ಸಂಗೀತ ಅದ್ಭುತ. ಕೊನೆಯಲ್ಲಿ ಆಂಗ್ ಸಮುದ್ರವನ್ನೇ ಗೋಡೆಯ ಹಾಗೆ ಎಬ್ಬಿಸಿ ನಿಲ್ಲಿಸುವಾಗ ಬರುವ ಸಂಗೀತಕ್ಕೆ ನನಗೆ ಮೈ ಜುಮ್ಮೆಂದಿತು. 'ಅವತಾರ್' ಅನ್ನುವ ಪದವನ್ನು ಸಿನಿಮಾದವರು ನಮ್ಮ ಉಚ್ಚಾರಕ್ಕೆ ಹತ್ತಿರವಾಗಿ ಹೇಳುತ್ತಾರೆ, ಅದೂ ಇಷ್ಟವಾಯಿತು. ಸುಮಾರು 15 ಕೋಟಿ ಡಾಲರ್ ಖರ್ಚು ಮಾಡಿದ ಸಿನಿಮಾಕ್ಕೆ ಅತಿ ಕೆಟ್ಟ ಚಿತ್ರ ಅಂತ ರಾಝಿ ಬಹುಮಾನ ಕೊಟ್ಟರು. ಆ ಥರ ಅಣಕಿಸುವುದು ನನಗೆ ಹಿಡಿಸುವುದಿಲ್ಲ. ನೂರಾರು ಜನ ದುಡಿದಿರುತ್ತಾರೆ.

ಕಾರ್ಟೂನ್ ಮೊದಲು ನೋಡಿದ್ದಕ್ಕೇ ಸಿನಿಮಾ ಸಪ್ಪೆ ಅನ್ನಿಸಿತಾ ಅನ್ನುವ ಪ್ರಶ್ನೆಯೂ ಬಂತು. ಅದಕ್ಕೆ ಪಕ್ಕದ ಮನೆಯ ಹುಡುಗನನ್ನು ಕರೆದೆ. ಅವನು ಎರಡನ್ನೂ ನೋಡಿರಲಿಲ್ಲ. ಮೊದಲು ಸಿನಿಮಾ ಹಾಕಿದೆ. ಸುಮ್ನೆ ನೋಡಿದ, "ಚೆನ್ನಾಗಿದೆ ಆಂಟಿ" ಅಂದ, ಕೊಡೆ ತಗೊಂಡು ಹೋದ. ಮಾರನೇ ದಿನ ಕಾರ್ಟೂನಿನ ಮೊದಲ ಎರಡು ಕಂತು ಹಾಕಿದೆ. ಮೂರನೆಯದಕ್ಕೆ ಊಟಕ್ಕೂ ಏಳಲಿಲ್ಲ. ಅವನ ಅಮ್ಮ ತೋಟದ ಆ ಬದಿಯಿಂದ ಕೂಗಿ ಕರೆಯಬೇಕಾಯಿತು.

ನಿಮ್ಮ ಮನೆಯಲ್ಲಿ ಒಂದೇ ಸಂಜೆ ಪುರುಸೊತ್ತು ಇದ್ದರೆ ಸಿನಿಮಾ ಬಿಡಿ. ಕಾರ್ಟೂನಿನ ಮೊದಲ ಮೂರು ಕಂತು, ಆಮೇಲೆ 12ನೆಯದು ನೋಡಿ. ಸಿನಿಮಾಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಊರುಗಳಿಗೆ 23 ನಿಮಿಷದ ಕಂತೇ ಸರಿ, ಇನ್ವರ್ಟರ್ ಕೈಕೊಡುವುದರೊಳಗೆ ಒಂದು ಮುಗಿದಿರುತ್ತದೆ.

ಈಗ ಎರಡನೇ ಭಾಗದ 20 ಕಂತು ಡೌನ್‌ಲೋಡ್ ಆಗಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ಫೋನ್ ಎತ್ತಿಕೊಂಡು ನಿಲ್ಲುವ ಕೆಲಸವನ್ನು ಪಕ್ಕದ ಮನೆಯ ಹುಡುಗ ವಹಿಸಿಕೊಂಡಿದ್ದಾನೆ.